ಪಾಲಕನ ಮೂರು ಮನೆಗಳು

(ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಿಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಅದರ ಚರಿತ್ರೆಯನ್ನು ಹೇಳಬಲ್ಲ ಹಿರಿಯರು ನಿಮ್ಮಲ್ಲಿಯೇ ಇದ್ದಾರೆ. ಗೋಡೆ ಎಂದು ಎದ್ದಿತು, ಗಂಟೆಯನ್ನು ಯಾರು ತಂದರು, ಪೀಠವನ್ನು ಯಾರು ಕಟ್ಟಿಸಿದರು ಎಂಬುದೆಲ್ಲ ಅವರಿಗೆ ತಿಳಿದ ವಿಷಯ. ಕಲಬುರಗಿ ನಗರದಲ್ಲಿಯೂ ಕಮಲಾಪುರದ ಕಡೆಯ ಹಳ್ಳಿಗಳಲ್ಲಿಯೂ ಪಾಲನಾ ಸೇವೆ ಮಾಡಿದ ನಮಗೆ ತಾವು ಒಪ್ಪಿಸಿರುವ ವಿಷಯ ಬೇರೆಯದು. ಬಲಿಪೂಜೆ ಮುಗಿದು, ದೀಪ ಆರಿ, ಜನರು ತಮ್ಮ ತಮ್ಮ ಮನೆಗೆ ಹೋದ ಮೇಲೆ ಗುರುಗಳು ಯಾವ ಮನೆಗೆ ಹೋಗುತ್ತಾರೆ? ಅವರ ದಿನ ಹೇಗೆ ಸಾಗುತ್ತದೆ? ಹೆತ್ತವರು, ಒಡಹುಟ್ಟಿದವರು ಎಂಬ ಬಂಧನ ಅವರಿಗೆ ಉಳಿದಿದೆಯೇ, ಇಲ್ಲವೇ? ಇಂಥ ಪ್ರಶ್ನೆಗಳನ್ನು ಭಕ್ತಜನರು ಮನಸ್ಸಿನಲ್ಲಿಯೇ ಇಟ್ಟುಕೊಳ್ಳುತ್ತಾರೆ, ಕೇಳುವುದು ಅಪರೂಪ. ಕೇಳಿದಾಗ ಉತ್ತರಿಸುವುದು ನಮ್ಮ ಕರ್ತವ್ಯ. ನಾವು ಇಲ್ಲಿ ‘ನಾವು’ ಎನ್ನುವಾಗ ಈ ನಾಡಿನಲ್ಲಿ ದುಡಿಯುತ್ತಿರುವ ಗುರುವರ್ಗದವರೆಲ್ಲರೂ ಅದರಲ್ಲಿ ಸೇರಿದ್ದಾರೆಂದು ತಾವು ಭಾವಿಸಬೇಕು.

ಈ ವಿಷಯಕ್ಕೆ ಪವಿತ್ರ ಗ್ರಂಥದಲ್ಲಿ ಒಂದು ಹಳೆಯ ದೃಷ್ಟಾಂತವಿದೆ. ವಿಮೋಚನಾಕಾಂಡದ ಹದಿನೆಂಟನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಆಡಳಿತದ ಪಾಠವೆಂದು ಓದುತ್ತೇವೆ. ಮೋಶೆಯು ಮುಂಜಾನೆಯಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದನು. ಅವನ ಮಾವನಾದ ಇತ್ರೋ ಅದನ್ನು ಕಂಡು, ಹೀಗೆ ಮಾಡಿದರೆ ನೀನೂ ಬಳಲುವೆ, ಜನರೂ ಬಳಲುವರು ಎಂಬ ಅಭಿಪ್ರಾಯದ ಬುದ್ಧಿ ಹೇಳಿ, ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಮುಖಂಡನನ್ನು ನೇಮಿಸಿ ಹೊರೆಯನ್ನು ಹಂಚಿಕೊಡಲು ತಿಳಿಸಿದನು. ಇದು ಎಲ್ಲರಿಗೂ ಗೊತ್ತು. ಆದರೆ ಅದೇ ಅಧ್ಯಾಯದ ಆರಂಭವನ್ನು ನಾವು ಗಮನಿಸುವುದು ಕಡಿಮೆ. ಇತ್ರೋ ಬರಿಗೈಯಲ್ಲಿ ಬರಲಿಲ್ಲ. ತನ್ನ ಬಳಿ ಇದ್ದ ಮೋಶೆಯ ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಅರಣ್ಯದ ಪಾಳೆಯಕ್ಕೆ ಬಂದನು. ಮೋಶೆಯು ಎದುರುಗೊಂಡು, ನಮಸ್ಕರಿಸಿ, ಮುದ್ದಿಟ್ಟು, ಕ್ಷೇಮಸಮಾಚಾರ ಕೇಳಿ, ಮಾವನನ್ನು ಗುಡಾರದೊಳಗೆ ಕರೆದೊಯ್ದನು. ಹೊರೆ ಹಂಚುವ ಮಾತು ಬಂದದ್ದು ಅದರ ಮರುದಿನ. ಮನೆಯವನೊಬ್ಬನು ಬಂದು ಕಂಡಾಗಲೇ ಆ ಮಹಾನಾಯಕನ ಬಳಲಿಕೆ ಹೊರಗಿನವರಿಗೆ ತಿಳಿದದ್ದು. ಸೇವೆ, ಮನೆ, ಕುಟುಂಬ ಎಂಬ ಮೂರೂ ಒಂದೇ ಅಧ್ಯಾಯದಲ್ಲಿ ಕೂಡಿ ಬಂದಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಪಾಲಕನಿಗೆ ಮೂರು ಮನೆಗಳಿವೆ. ದೇವಾಲಯದ ಪಕ್ಕದ ಗುರುನಿವಾಸ ಒಂದು. ಧರ್ಮಕೇಂದ್ರದ ಜನರ ಮನೆಗಳೆಲ್ಲ ಸೇರಿ ಎರಡನೆಯದು. ತಾನು ಹುಟ್ಟಿ ಬೆಳೆದ ಮನೆ ಮೂರನೆಯದು. ಈ ಮೂರರಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡಲು ಸಾಧ್ಯವಿಲ್ಲ. ಆದರೆ ಮೂರರ ಬೀಗದ ಕೈಯೂ ಒಬ್ಬನ ಸೊಂಟದಲ್ಲಿಯೇ ತೂಗುತ್ತಿದ್ದರೆ ಯಾವ ಬಾಗಿಲೂ ಸಕಾಲಕ್ಕೆ ತೆರೆಯದು. ನಾವು ಇಂದು ತಮ್ಮಲ್ಲಿ ಅರಿಕೆ ಮಾಡಬೇಕೆಂದಿರುವ ಮಾತು ಇಷ್ಟೇ.

ಮೊದಲು ಗುರುನಿವಾಸದ ಮಾತು. ಧರ್ಮಕೇಂದ್ರದ ಗುರುವು ದೇವಾಲಯದ ಸಮೀಪದಲ್ಲಿಯೇ ವಾಸಿಸಬೇಕೆಂಬುದು ೧೯೮೩ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯ ವಿಧಿ. ಪ್ರತಿ ಭಾನುವಾರ ಒಂದು ಬಲಿಪೂಜೆಯನ್ನು ಬೇರೆ ಯಾವ ಉದ್ದೇಶಕ್ಕೂ ಅಲ್ಲದೆ ತನ್ನ ಜನರಿಗಾಗಿಯೇ ಅರ್ಪಿಸಬೇಕೆಂಬುದೂ ಅದೇ ಸಂಹಿತೆಯಲ್ಲಿದೆ. ಹೀಗಾಗಿ ಆತನ ವಾಸ, ಆತನ ಪೂಜೆ ಎರಡೂ ಜನರಿಗೆ ಸೇರಿದವು.

ಕಲಬುರಗಿಯಂಥ ನಗರದಲ್ಲಿ ಆತನ ದಿನ ಹೀಗೆ ಸಾಗುತ್ತದೆ. ಬೆಳಕು ಹರಿಯುವ ಮುನ್ನ ಎದ್ದು ಪ್ರಭಾತ ಪ್ರಾರ್ಥನೆ, ಧ್ಯಾನ, ಬಲಿಪೂಜೆ. ಪೂಜಾವಸ್ತ್ರ ಕಳಚುವುದರೊಳಗೆ ಪೂಜಾಸಾಮಗ್ರಿಯ ಕೋಣೆಯ ಬಾಗಿಲಲ್ಲಿ ಇಬ್ಬರು ಮೂವರು ನಿಂತಿರುತ್ತಾರೆ. ಜೂನ್ ತಿಂಗಳಾದರೆ ಶಾಲೆಯ ಪ್ರವೇಶಕ್ಕಾಗಿ ಸ್ನಾನದೀಕ್ಷೆಯ ಪ್ರಮಾಣಪತ್ರ ಬೇಕಾದವರು, ಮದುವೆಯ ಕಾಲವಾದರೆ ಪ್ರಕಟಣೆ ಓದಿಸಬೇಕಾದವರು, ಬಾಡಿಗೆ ಕಟ್ಟಲಾಗದವರು, ಕುಡಿದು ಹೊಡೆದ ಗಂಡನ ಮೇಲೆ ದೂರು ಹೊತ್ತು ಬಂದವರು. ಹಳೆಯ ದಾಖಲೆ ಪುಸ್ತಕದಲ್ಲಿ ಮಸುಕಾದ ಅಕ್ಷರಗಳ ನಡುವೆ ಒಂದು ಹೆಸರನ್ನು ಹುಡುಕುವುದಕ್ಕೇ ಅರ್ಧ ತಾಸು ಬೇಕು. ಅನಂತರ ಶಾಲೆ, ಆಸ್ಪತ್ರೆ, ಕಚೇರಿ. ಮಧ್ಯಾಹ್ನ ಊಟದ ಹೊತ್ತಿಗೆ ದೂರವಾಣಿ. ಬೇಸಗೆಯಲ್ಲಿ ನಮ್ಮ ಊರಿನ ಬಿಸಿಲು ನಲವತ್ತು ಡಿಗ್ರಿ ದಾಟುವುದನ್ನು ತಾವೆಲ್ಲ ಬಲ್ಲಿರಿ; ಆ ಬಿಸಿಲಿನಲ್ಲಿ ಸಾವಿನ ಮನೆಗೆ ಹೋಗುವುದನ್ನು ಸಂಜೆಗೆ ಮುಂದೂಡಲಾಗದು. ಸಂಜೆ ಯುವಜನರ ಸಭೆ, ಗಾಯನ ವೃಂದ, ಲೆಕ್ಕಪತ್ರ. ರಾತ್ರಿ ಒಂಬತ್ತರ ಮೇಲೆ, ಅಡುಗೆಯವರು ಮುಚ್ಚಿಟ್ಟು ಹೋದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಯ ಮುಂದೆ ಆತನು ಒಬ್ಬನೇ ಕುಳಿತಿರುತ್ತಾನೆ.

ಈ ಒಂಟಿ ಊಟವನ್ನು ಕುರಿತು ಮರುಕ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಬ್ರಹ್ಮಚರ್ಯವನ್ನು ನಾವು ಅರಿತು, ಒಪ್ಪಿ, ಸ್ವೀಕರಿಸಿದ್ದೇವೆ. ಆದರೆ ಇಲ್ಲಿರುವ ಅಪಾಯವನ್ನು ಧರ್ಮಸಭೆಯೇ ಗುರುತಿಸಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರ ಡಿಸೆಂಬರ್ ೭ರಂದು ಗುರುಗಳ ಸೇವೆ ಮತ್ತು ಜೀವನವನ್ನು ಕುರಿತು ಹೊರಡಿಸಿದ ಆಜ್ಞಾಪತ್ರದಲ್ಲಿ, ನಾನಾ ಕೆಲಸಗಳಲ್ಲಿ ಹರಿದು ಹಂಚಿಹೋಗುವ ಗುರುವು ತನ್ನ ಅಂತರಂಗದ ಬಾಳನ್ನೂ ಹೊರಗಿನ ದುಡಿಮೆಯನ್ನೂ ಹೇಗೆ ಒಂದುಗೂಡಿಸಬೇಕೆಂಬುದನ್ನು ವಿಶೇಷವಾಗಿ ಚರ್ಚಿಸಿದೆ. ಕೆಲಸಗಳ ಪಟ್ಟಿಯನ್ನು ಅಂದವಾಗಿ ಜೋಡಿಸಿದ ಮಾತ್ರಕ್ಕೆ ಆ ಏಕತೆ ಬಾರದು, ಬರಿಯ ಭಕ್ತಿಯ ಅಭ್ಯಾಸಗಳಿಂದಲೂ ಬಾರದು, ತಂದೆಯ ಚಿತ್ತವನ್ನು ನೆರವೇರಿಸಿದ ಕ್ರಿಸ್ತನೊಡನೆ ಕೂಡಿಕೊಂಡಾಗ ಬರುತ್ತದೆ ಎಂಬುದು ಅದರ ತಾತ್ಪರ್ಯ. ಗುರುಗಳು ಸಾಧ್ಯವಿದ್ದಲ್ಲಿ ಒಟ್ಟಾಗಿ ವಾಸಿಸುವುದನ್ನೂ ಧರ್ಮಸಭೆಯ ಕಾನೂನು ಪ್ರೋತ್ಸಾಹಿಸಿದೆ; ವರ್ಷಕ್ಕೆ ಒಂದು ತಿಂಗಳಿನ ರಜೆಯನ್ನೂ ಅನುಮತಿಸಿದೆ. ವಿಶ್ರಾಂತಿಯನ್ನು ಸೋಮಾರಿತನವೆಂದು ಎಣಿಸುವ ಗುರುವು ಕೆಲವೇ ವರ್ಷಗಳಲ್ಲಿ ಸಿಡುಕನಾಗುತ್ತಾನೆ. ಅವನ ಸಿಡುಕನ್ನು ಉಣ್ಣಬೇಕಾದವರು ಅವನ ಜನರು.

ಇನ್ನು ಎರಡನೆಯ ಮನೆ. ಧರ್ಮಕೇಂದ್ರದ ಪಾಲಕನು ಕುಟುಂಬಗಳನ್ನು ಸಂದರ್ಶಿಸಬೇಕು, ಅವರ ಚಿಂತೆ ದುಃಖಗಳಲ್ಲಿ ಭಾಗಿಯಾಗಬೇಕು, ರೋಗಿಗಳನ್ನೂ ಬಡವರನ್ನೂ ಒಂಟಿಗರನ್ನೂ ಊರುಬಿಟ್ಟವರನ್ನೂ ವಿಶೇಷವಾಗಿ ಅರಸಿ ಹೋಗಬೇಕೆಂದು ಕಾನೂನು ಸಂಹಿತೆ ವಿಧಿಸುತ್ತದೆ. ನಗರದಲ್ಲಿ ಇದು ಒಂದು ಬಗೆಯ ಕಷ್ಟ. ಕಮಲಾಪುರದ ಕಡೆ ಇನ್ನೊಂದು ಬಗೆಯದು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ ಕಮಲಾಪುರವು ಈಗ ತಾಲ್ಲೂಕಿನ ಕೇಂದ್ರ. ಅಲ್ಲಿನ ಕೆಂಪು ಬಾಳೆ ಭೌಗೋಳಿಕ ಗುರುತು ಪಡೆದು ದೇಶಕ್ಕೆಲ್ಲ ಪರಿಚಿತವಾಗಿದೆ. ೨೦೧೭ರಲ್ಲಿ ಬೀದರ ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡಾಗ ಕಮಲಾಪುರಕ್ಕೂ ರೈಲು ಬಂದಿತು. ಇಷ್ಟಾದರೂ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಇರುವ ನಮ್ಮ ಮನೆಗಳಿಗೆ ಹೋಗಬೇಕಾದರೆ ಗುರುವಿಗೆ ದ್ವಿಚಕ್ರ ವಾಹನವೇ ಗತಿ.

ಅಲ್ಲಿ ಗಡಿಯಾರಕ್ಕಿಂತ ಹೊಲ ದೊಡ್ಡದು. ನಮ್ಮ ಜಿಲ್ಲೆಯನ್ನು ತೊಗರಿಯ ಕಣಜವೆನ್ನುತ್ತಾರೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕೊಯ್ಲಿಗೆ ಬರುತ್ತದೆ. ಕ್ರಿಸ್ತಜಯಂತಿಯ ಸಿದ್ಧತೆಯ ನಾಲ್ಕು ವಾರಗಳೂ ತೊಗರಿಯ ರಾಶಿಯೂ ಒಟ್ಟಿಗೇ ಬಂದರೆ ಯಾವ ಉಪದೇಶದ ತರಗತಿಗೆ ಯಾರು ಬರುತ್ತಾರೆ? ಹಗಲು ಹೋದರೆ ಮನೆಗಳಿಗೆ ಬೀಗ. ಮುದುಕರೂ ಕೂಸುಗಳೂ ಮಾತ್ರ. ದೀಪ ಹಚ್ಚಿದ ಮೇಲೆ ಹೋದರೆ ಕೈಕಾಲು ತೊಳೆದು ದಣಿದು ಕುಳಿತ ಜನ. ಆಗಲೇ ಅವರೊಡನೆ ಜಪಮಾಲೆ, ಆಗಲೇ ಮಕ್ಕಳಿಗೆ ಪಾಠ, ಆಗಲೇ ಗಂಡ ಹೆಂಡಿರ ನಡುವಿನ ಮುನಿಸಿಗೆ ಮದ್ದು. ಗುರುನಿವಾಸಕ್ಕೆ ಹಿಂದಿರುಗುವಾಗ ರಾತ್ರಿ ಹತ್ತು ಹನ್ನೊಂದು. ಮರುದಿನ ಆರು ಗಂಟೆಯ ಪೂಜೆಗೆ ನಗರದ ಜನರು ಕಾದಿರುತ್ತಾರೆ. ನಿನ್ನೆ ರಾತ್ರಿ ಗುರುಗಳು ಎಲ್ಲಿದ್ದರೆಂಬುದು ಅವರಿಗೆ ತಿಳಿಯದು.

ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತವೆ. ಸ್ನಾನದೀಕ್ಷೆ ಪಡೆದ ಮಗು ಮೊದಲ ಪರಮಪ್ರಸಾದದ ವಯಸ್ಸಿಗೆ ಬರುವಾಗ ಎಲ್ಲಿದೆಯೋ ಹುಡುಕಬೇಕು. ಅಜ್ಜಿಯ ಕೈಯಲ್ಲಿರುವ ಮೊಬೈಲಿನಿಂದ ದೂರದ ತಾಯಿಯೊಡನೆ ಮಾತನಾಡಿ ಮದುವೆಯ ಕಾಗದಗಳನ್ನು ಸರಿಪಡಿಸಬೇಕು. ಇದೂ ಪಾಲನಾ ಸೇವೆಯೇ.

ಈ ಎರಡನೆಯ ಮನೆಯ ಬೆಲೆ ನಮಗೆ ತಿಳಿದದ್ದು ೨೦೨೦ರಲ್ಲಿ. ಭಾರತದಲ್ಲಿ ಕೊರೋನಾ ರೋಗದ ಮೊದಲ ಮರಣ ಆ ವರ್ಷದ ಮಾರ್ಚ್ ತಿಂಗಳಲ್ಲಿ ಸಂಭವಿಸಿದ್ದು ಕಲಬುರಗಿಯ ಒಬ್ಬ ವೃದ್ಧರಿಗೆ. ನಮ್ಮ ನಗರದ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂದಿತು, ಬೀದಿಗಳು ಬರಿದಾದವು. ಮಾರ್ಚ್ ೨೫ರಿಂದ ದೇಶವೇ ಮುಚ್ಚಿತು. ಪವಿತ್ರ ವಾರದಲ್ಲಿ ಗುರುಗಳು ಬರಿದಾದ ದೇವಾಲಯಗಳಲ್ಲಿ ವಿಧಿಗಳನ್ನು ನಡೆಸಿದರು. ಏಪ್ರಿಲ್ ೧೨ರ ಪುನರುತ್ಥಾನ ಹಬ್ಬದಂದು ಭಕ್ತರು ಮನೆಯಲ್ಲಿದ್ದರು. ಶವಸಂಸ್ಕಾರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸೇರುವಂತಿರಲಿಲ್ಲ. ಪೂಜೆಗೆ ಜನರಿಲ್ಲದಿದ್ದಾಗಲೂ ಪಾಲಕನ ಕೆಲಸ ನಿಲ್ಲಲಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ದೂರವಾಣಿಯೇ ಅವನ ಪಾಪನಿವೇದನೆಯ ಪೀಠವಲ್ಲದ ಇನ್ನೊಂದು ಪೀಠವಾಯಿತು. ಸಂಸ್ಕಾರವನ್ನು ದೂರದಿಂದ ಕೊಡಲಾಗದು, ಸಮಾಧಾನವನ್ನು ಕೊಡಬಹುದು. ಎಷ್ಟೋ ಮನೆಗಳಲ್ಲಿ ತಂದೆಯೇ ಪ್ರಾರ್ಥನೆ ನಡೆಸಿದನು, ತಾಯಿಯೇ ಶುಭಸಂದೇಶವನ್ನು ಓದಿದಳು. ಮನೆಯೆಂಬುದು ಚಿಕ್ಕ ಧರ್ಮಸಭೆಯೆಂದು ನಾವು ಪ್ರಬೋಧನೆಯಲ್ಲಿ ಹೇಳುತ್ತಿದ್ದುದು ಅಂದು ಕಣ್ಣಮುಂದೆ ನಡೆಯಿತು. ಬಾಗಿಲುಗಳು ತೆರೆದ ಮೇಲೆ ಅನೇಕ ಮನೆಗಳಲ್ಲಿ ಆ ಪ್ರಾರ್ಥನೆ ನಿಂತುಹೋದದ್ದು ವಿಷಾದದ ಸಂಗತಿ.

ಮೂರನೆಯದು ಹುಟ್ಟಿದ ಮನೆ. ಇದನ್ನು ಕುರಿತು ಗುರುಗಳು ವೇದಿಕೆಯಲ್ಲಿ ಮಾತನಾಡುವುದಿಲ್ಲ. ಕಲಬುರಗಿ ಧರ್ಮಪ್ರಾಂತ್ಯವು ೨೦೦೫ರಲ್ಲಿ ಸ್ಥಾಪನೆಯಾಗಿ ಪೂಜ್ಯ ರಾಬರ್ಟ್ ಮಿರಾಂದಾರವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಅದಕ್ಕೆ ಮುಂಚಿನಿಂದಲೂ ಈ ಭಾಗದಲ್ಲಿ ಸೇವೆ ಸಲ್ಲಿಸಲು ಕರಾವಳಿಯಿಂದಲೂ ಬೇರೆ ಸೀಮೆಗಳಿಂದಲೂ ಗುರುಗಳೂ ಭಗಿನಿಯರೂ ಬಂದಿದ್ದಾರೆ. ಮಂಗಳೂರು ಇಲ್ಲಿಂದ ಆರುನೂರು ಕಿಲೋಮೀಟರಿಗಿಂತ ಹೆಚ್ಚಿನ ದೂರ. ತಾಯಿಗೆ ಉಬ್ಬಸ ಹೆಚ್ಚಾಗಿದೆಯೆಂಬ ಸುದ್ದಿ ಶನಿವಾರ ಸಂಜೆ ಬಂದರೆ ಭಾನುವಾರದ ಪೂಜೆಗಳನ್ನು ಯಾರಿಗೆ ಒಪ್ಪಿಸಿ ಹೊರಡುವುದು? ಬಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಹೋಗಿ, ತಂದೆಯ ಮುಖವನ್ನು ಪೆಟ್ಟಿಗೆ ಮುಚ್ಚುವ ಮುನ್ನ ಒಂದು ಗಳಿಗೆ ಕಂಡ ಗುರುಗಳು ನಮ್ಮ ನಡುವೆ ಇದ್ದಾರೆ. ಅದನ್ನೂ ಕಾಣದವರೂ ಇದ್ದಾರೆ. ಮುಂದಿನ ಭಾನುವಾರ ಅವರು ಎಂದಿನಂತೆ ಪೀಠದ ಮುಂದೆ ನಿಂತು ಇನ್ನೊಬ್ಬರ ತಂದೆಯ ವರ್ಷಾಬ್ದಿಕದ ಪೂಜೆಯನ್ನು ಅರ್ಪಿಸಿದ್ದಾರೆ.

ದೇವರಿಗೆ ಒಪ್ಪಿಸಿಕೊಂಡವನಿಗೆ ತಂದೆತಾಯಿಗಳ ಹಂಗೇಕೆ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ಯೇಸುಸ್ವಾಮಿಯೇ ಉತ್ತರಿಸಿದ್ದಾರೆ. ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ, ಹೆತ್ತವರಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ಅವರ ಪೋಷಣೆಯಿಂದ ತಪ್ಪಿಸಿಕೊಳ್ಳುತ್ತಿದ್ದವರನ್ನು ಅವರು ಕಟುವಾಗಿ ಖಂಡಿಸಿದರು. ಶಿಲುಬೆಯ ಮೇಲೆ ಲೋಕದ ಉದ್ಧಾರವನ್ನು ನೆರವೇರಿಸುತ್ತಿದ್ದ ಗಳಿಗೆಯಲ್ಲಿ ತಮ್ಮ ತಾಯಿಯನ್ನು ಪ್ರಿಯ ಶಿಷ್ಯನ ಕೈಗೆ ಒಪ್ಪಿಸಿದರು. ಆ ಶಿಷ್ಯನು ಅಂದಿನಿಂದ ಆಕೆಯನ್ನು ತನ್ನ ಮನೆಯಲ್ಲಿ ಸೇರಿಸಿಕೊಂಡನು. ಆದುದರಿಂದ ವೃದ್ಧ ತಾಯಿಯ ಚಿಂತೆ ಗುರುವಿನ ಸೇವೆಗೆ ಅಡ್ಡಿಯಲ್ಲ. ಅದು ನಾಲ್ಕನೆಯ ಕಟ್ಟಳೆಯ ಪಾಲನೆ. ಒಂದೆರಡೇ ಮಕ್ಕಳಿರುವ ಇಂದಿನ ಸಂಸಾರಗಳಲ್ಲಿ ಒಬ್ಬ ಮಗನನ್ನು ಗುರುಮಠಕ್ಕೆ ಕಳುಹಿಸುವ ತಾಯಿಯು ತನ್ನ ಮುಪ್ಪಿನ ಊರುಗೋಲನ್ನೇ ಕೊಡುತ್ತಿದ್ದಾಳೆ. ಆಕೆಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಧರ್ಮಸಭೆಯೂ ಜನರೂ ಸೇರಿ ಉತ್ತರ ಹೇಳದಿದ್ದರೆ, ಮುಂದಿನ ನೂರು ವರ್ಷಗಳಲ್ಲಿ ಈ ಪೀಠದ ಮುಂದೆ ನಿಲ್ಲುವವರು ಯಾರೆಂಬ ಪ್ರಶ್ನೆಗೂ ಉತ್ತರ ಸಿಗದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನೆಂಟರು ಕೆಲವೊಮ್ಮೆ ಗುರುವನ್ನು ಮನೆಯ ಆಸ್ತಿಯೆಂದು ಭಾವಿಸುತ್ತಾರೆ. ಅಣ್ಣನ ಮಗನಿಗೆ ಶಾಲೆಯಲ್ಲಿ ಸ್ಥಾನ, ತಂಗಿಯ ಗಂಡನಿಗೆ ಕೆಲಸ, ಮನೆ ಕಟ್ಟಲು ಸಾಲ ಎಂದು ಕೇಳುತ್ತಾರೆ. ಕಾಣಿಕೆಯ ಪೆಟ್ಟಿಗೆಯ ಹಣವು ಕಮಲಾಪುರದ ಕೂಲಿಯವಳು ಸೆರಗಿನ ಗಂಟಿನಿಂದ ಬಿಚ್ಚಿ ಹಾಕಿದ ಹಣ. ಅದು ಯಾವ ಗುರುವಿನ ತವರಿಗೂ ಹೋಗುವಂತಿಲ್ಲ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕೆಂದು ೧೯೮೩ರ ಸಂಹಿತೆ ಕಡ್ಡಾಯ ಮಾಡಿರುವುದು ಗುರುವನ್ನು ಕಾಯುವುದಕ್ಕೂ ಹೌದು, ಜನರನ್ನು ಕಾಯುವುದಕ್ಕೂ ಹೌದು.

ಹೆಂಡತಿ ಮಕ್ಕಳಿದ್ದಿದ್ದರೆ ಗುರುಗಳ ಬಾಳು ಹಗುರಾಗುತ್ತಿತ್ತಲ್ಲವೇ ಎಂದು ಯುವಕರು ನಮ್ಮನ್ನು ಕೇಳಿದ್ದಾರೆ. ಸಂತ ಪೇತ್ರನಿಗೆ ಅತ್ತೆ ಇದ್ದಳು. ಆಕೆಯ ಜ್ವರವನ್ನು ಪ್ರಭು ವಾಸಿಮಾಡಿದರು. ಪೂರ್ವದ ಅನೇಕ ಕಥೋಲಿಕ ಸಭೆಗಳಲ್ಲಿ ವಿವಾಹಿತರಿಗೂ ಗುರುದೀಕ್ಷೆ ಕೊಡುವ ಸಂಪ್ರದಾಯ ಇಂದಿಗೂ ಇದೆ. ನಮ್ಮ ಬೀದರ, ಕಲಬುರಗಿ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಯ ಸೇವೆ ಬಹು ಹಳೆಯದು. ಅದರ ಸಭಾಪಾಲಕರು ಸಂಸಾರಸ್ಥರು. ಅವರ ಮನೆಗಳನ್ನು ಹತ್ತಿರದಿಂದ ಕಂಡವರಿಗೆ ಅಲ್ಲಿನ ಹೊರೆ ಕಡಿಮೆಯೆಂದು ತೋರುವುದಿಲ್ಲ. ವರ್ಗಾವಣೆಯಾದಾಗ ಮಕ್ಕಳ ಶಾಲೆ ಬದಲಾಗುತ್ತದೆ. ನಡುರಾತ್ರಿ ಬಾಗಿಲು ತಟ್ಟಿದವರಿಗೆ ಚಹಾ ಕಾಯಿಸುವವರು ಪಾಸ್ಟರಮ್ಮನವರು. ಸಂಬಳವಿಲ್ಲದ ಎರಡನೆಯ ಪಾಲಕರು ಅವರು. ತಂದೆಯು ಊರಿನ ಮಕ್ಕಳಿಗೆಲ್ಲ ಸಮಯ ಕೊಟ್ಟು ಮನೆಗೆ ಬರುವಾಗ ಸ್ವಂತ ಮಗು ನಿದ್ದೆಹೋಗಿರುತ್ತದೆ. ಹೀಗೆ ಅವರ ಮಾರ್ಗ ಬೇರೆ, ನಮ್ಮ ಮಾರ್ಗ ಬೇರೆ; ಎರಡರಲ್ಲಿಯೂ ಬೆಲೆ ತೆರುವ ಮನೆಯವರು ಕಣ್ಣಿಗೆ ಬೀಳದೆ ಇರುತ್ತಾರೆ. ಅವರಿಂದ ನಾವು ಕಲಿಯಬೇಕಾದುದೂ ಉಂಟು: ರೋಗಿಯ ಹಾಸಿಗೆಯ ಬಳಿ ಹೇಗೆ ಕುಳಿತುಕೊಳ್ಳಬೇಕೆಂಬುದನ್ನು, ಸ್ವಂತ ಮಗುವಿನ ಜ್ವರದಲ್ಲಿ ರಾತ್ರಿ ಕಳೆದವನು ಬೇಗ ಬಲ್ಲ.

ಧರ್ಮಕೇಂದ್ರದ ಗುರುಗಳ ಪಾಲಕನಾದ ಸಂತ ಜಾನ್ ಮರಿಯ ವಿಯಾನ್ನಿಯವರನ್ನು ಇಲ್ಲಿ ಸ್ಮರಿಸುವುದು ಉಚಿತ. ಫ್ರಾನ್ಸ್ ದೇಶದ ಆರ್ಸ್ ಎಂಬ ಕುಗ್ರಾಮಕ್ಕೆ ೧೮೧೮ರಲ್ಲಿ ಬಂದ ಅವರು ೧೮೫೯ರಲ್ಲಿ ಕಣ್ಣು ಮುಚ್ಚುವವರೆಗೆ ಅಲ್ಲಿಯೇ ದುಡಿದರು. ದಿನದ ಬಹುಭಾಗ ಪಾಪನಿವೇದನೆಯ ಪೀಠದಲ್ಲಿ ಕಳೆಯಿತು. ಅಂಥ ಸಂತರೂ ಒಂದಕ್ಕಿಂತ ಹೆಚ್ಚು ಬಾರಿ ಊರು ಬಿಟ್ಟು ಏಕಾಂತವನ್ನು ಅರಸಿ ಹೊರಟದ್ದುಂಟು. ಪ್ರತಿ ಬಾರಿಯೂ ತಮ್ಮ ಜನರ ಬಳಿಗೆ ಹಿಂದಿರುಗಿದರು. ಸಂತರಿಗೂ ದಣಿವಿತ್ತು ಎಂಬುದು ನಮಗೆ ಸಮಾಧಾನ. ಜನರು ಅವರನ್ನು ಬಿಟ್ಟುಕೊಡಲಿಲ್ಲ ಎಂಬುದು ನಿಮಗೆ ಪಾಠ.

ಕೊನೆಯದಾಗಿ ತಮ್ಮಲ್ಲಿ ಕೆಲವು ಅರಿಕೆಗಳು. ಸಾಯುವವರಿರುವ ಮನೆಯಿಂದ ಯಾವ ಹೊತ್ತಿನಲ್ಲಾದರೂ ಕರೆಯಿರಿ, ನಡುರಾತ್ರಿಯೆಂದು ಸಂಕೋಚಪಡಬೇಡಿ. ರೋಗಿಯು ಮಾತು ಕಳೆದುಕೊಳ್ಳುವವರೆಗೆ ಕಾಯಬೇಡಿ. ಆದರೆ ಪ್ರಮಾಣಪತ್ರವೊಂದಕ್ಕಾಗಿ ಪ್ರಾರ್ಥನೆಯ ಹೊತ್ತನ್ನು ಮುರಿಯಬೇಡಿ. ಗುರುಗಳು ಧ್ಯಾನಕ್ಕೆ ಕುಳಿತ ಅರ್ಧ ತಾಸು ನಿಮ್ಮದೇ ತಾಸು. ಭಾನುವಾರ ಪೀಠದಿಂದ ನೀವು ಕೇಳುವ ಮಾತು ಅಲ್ಲಿ ಹುಟ್ಟುತ್ತದೆ.

ಇತ್ರೋ ಹೇಳಿದಂತೆ ಹೊರೆಯನ್ನು ಹೊರಲು ಮುಂದೆ ಬನ್ನಿ. ಲೆಕ್ಕ ಬಲ್ಲ ನಿವೃತ್ತ ನೌಕರರು ಲೆಕ್ಕಪತ್ರಗಳನ್ನೂ, ಅಕ್ಷರ ಚೆನ್ನಾಗಿರುವ ತರುಣಿಯರು ದಾಖಲೆಗಳ ಪ್ರತಿಯನ್ನೂ, ವಾಹನವಿರುವವರು ಹಳ್ಳಿಯ ರೋಗಿಗಳನ್ನು ಆಸ್ಪತ್ರೆಗೆ ತರುವ ಕೆಲಸವನ್ನೂ ವಹಿಸಿಕೊಳ್ಳಬಹುದು. ತೊಗರಿಯ ಸುಗ್ಗಿಯಲ್ಲಿ ಪ್ರತಿ ಹಳ್ಳಿಯಲ್ಲಿಯೂ ಒಬ್ಬ ತಾಯಿ ಹತ್ತು ಮಕ್ಕಳಿಗೆ ಪ್ರಾರ್ಥನೆಗಳನ್ನು ಕಲಿಸಿದರೆ ಪಾಲಕನಿಗೆ ಹತ್ತು ರಾತ್ರಿಗಳು ದೊರೆಯುತ್ತವೆ. ಇದನ್ನು ಗುರುಗಳೂ ಮನಗಾಣಬೇಕು: ಜನರನ್ನು ನಂಬಿ ಕೆಲಸ ಕೊಡದೆ, ಯಾರೂ ಸಹಾಯಕ್ಕೆ ಬರುವುದಿಲ್ಲವೆಂದು ಗೊಣಗುವುದು ನ್ಯಾಯವಲ್ಲ.

ಹಬ್ಬದ ದಿನ ಗುರುಗಳಿಗೆ ಹತ್ತು ಮನೆಗಳ ಆಮಂತ್ರಣ ಬರುತ್ತದೆ. ಮರುದಿನದಿಂದ ಒಂದೂ ಇಲ್ಲ. ಹಬ್ಬವಿಲ್ಲದ ಒಂದು ಮಂಗಳವಾರ, ನೀವು ಉಣ್ಣುವ ರೊಟ್ಟಿಯನ್ನೇ ಅವರೊಡನೆ ಹಂಚಿಕೊಂಡು ಉಣ್ಣಿರಿ. ಅವರಲ್ಲಿ ಕಂಡ ಕೊರತೆಯನ್ನು ಅಂಗಡಿಯ ಮುಂದೆ ಹೇಳದೆ ಅವರ ಮುಂದೆಯೇ ಹೇಳಿರಿ. ಅವರ ತಾಯಿಯ ಆರೋಗ್ಯವನ್ನು ವಿಚಾರಿಸಿರಿ. ಆಕೆ ಕಾಯಿಲೆಯಲ್ಲಿದ್ದಾಗ ಹೋಗಿಬನ್ನಿ ಫಾದರ್, ಇಲ್ಲಿಯದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ನೀವೇ ಮೊದಲು ಹೇಳಿರಿ. ಆ ಒಂದು ಮಾತಿನ ಬಲದಿಂದ ಆತನು ನಿಮ್ಮಲ್ಲಿ ಹತ್ತು ವರ್ಷ ದುಡಿಯುತ್ತಾನೆ. ನಿಮ್ಮ ಮಗನೋ ಮಗಳೋ ದೇವರ ಕರೆಯ ಮಾತನ್ನು ಎತ್ತಿದರೆ ನಕ್ಕು ತಳ್ಳಿಹಾಕದೆ ಕುಳಿತು ಕೇಳಿರಿ.

ನೂರು ವರ್ಷಗಳಿಂದ ಈ ಗುರುನಿವಾಸದಲ್ಲಿ ವಾಸಿಸಿ ಹೋದ ಗುರುಗಳನ್ನೂ, ಅವರನ್ನು ಕಳುಹಿಸಿಕೊಟ್ಟು ದೂರದ ಊರುಗಳಲ್ಲಿ ಮಗನಿಲ್ಲದೆ ಮುಪ್ಪನ್ನು ಕಳೆದ ತಾಯಂದಿರನ್ನೂ, ಅವರಿಗೆ ಅಡುಗೆ ಮಾಡಿ ಬಡಿಸಿದವರನ್ನೂ, ದಾರಿ ತೋರಿಸಿದ ಉಪದೇಶಿಗಳನ್ನೂ ಇಂದಿನ ಬಲಿಪೂಜೆಯಲ್ಲಿ ಕೃತಜ್ಞತೆಯಿಂದ ಸ್ಮರಿಸೋಣ. ನಜರೇತಿನ ಮನೆಯಲ್ಲಿ ಮೂವತ್ತು ವರ್ಷಗಳನ್ನು ಕಳೆದು ಅನಂತರ ತಲೆಯಿಡಲು ತಾವಿಲ್ಲದೆ ಸಂಚರಿಸಿದ ಪ್ರಭು ಯೇಸುಕ್ರಿಸ್ತರು ಪಾಲಕರನ್ನೂ ಪಾಲಿತರನ್ನೂ ಒಂದೇ ಮನೆಯವರನ್ನಾಗಿ ಕಾಪಾಡಲಿ. ದೇವಮಾತೆ ಮರಿಯಮ್ಮನವರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.